ಊರಿನ ದನಿ

ಹಿಂದೆ ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವ ಪದ್ಧತಿಯಿದ್ದಿತು. ಕೆರೆಯ ತೂಬು ತೆಗೆಯುವ ದಿನ, ಜಾತ್ರೆಯ ದಿನ, ಕಂದಾಯ ಕಟ್ಟಬೇಕಾದ ಗಡುವು, ನೆರೆಯೂರಿನಲ್ಲಿ ಕಾಣಿಸಿಕೊಂಡ ರೋಗದ ಸುದ್ದಿ, ಇವೆಲ್ಲವನ್ನೂ ತಮಟೆಯ ಸದ್ದಿನೊಡನೆ ಬೀದಿಬೀದಿಗೆ ತಲುಪಿಸಲಾಗುತ್ತಿತ್ತು. ಡಂಗುರ ಸಾರುವವನ ಕಂಠ ಇಂಪಾಗಿರಬೇಕೆಂದು ಯಾರೂ ಬಯಸುತ್ತಿರಲಿಲ್ಲ. ಅವನು ಊರಿನವನಾಗಿದ್ದನು, ಊರಿನ ಕೇರಿಗಳನ್ನೂ ಜನರ ಕಷ್ಟಸುಖಗಳನ್ನೂ ಬಲ್ಲವನಾಗಿದ್ದನು, ನಡುರಾತ್ರಿಯಲ್ಲಿ ಕರೆದರೂ ಎದ್ದು ಬರುವಷ್ಟು ಹತ್ತಿರದಲ್ಲಿದ್ದನು. ಅವನ ಯೋಗ್ಯತೆಯೆಲ್ಲ ಇದರಲ್ಲಿಯೇ ಅಡಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಬಾನುಲಿಯು ವಹಿಸಿಕೊಂಡಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಹೆಚ್ಚಾಗಿ ಖಾಸಗಿ ಒಡೆತನದಲ್ಲಿಯೇ ಬೆಳೆಯಿತು. 1920ರ ನವೆಂಬರ್ 2ರಂದು ಪಿಟ್ಸ್‌ಬರ್ಗ್ ನಗರದ ಕೆ.ಡಿ.ಕೆ.ಎ. ಎಂಬ ಕೇಂದ್ರವು ರಾಷ್ಟ್ರಾಧ್ಯಕ್ಷರ ಚುನಾವಣೆಯ ಫಲಿತಾಂಶಗಳನ್ನು ಪ್ರಸಾರ ಮಾಡಿ ಪ್ರಸಿದ್ಧವಾಯಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಆ ದೇಶದ ಊರೂರಿನಲ್ಲಿ ಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಎಷ್ಟೋ ಕಡೆ ಊರಿನ ವರ್ತಕನೊಬ್ಬನೋ ಪತ್ರಿಕೆಯ ಮಾಲೀಕನೋ ಕಾಲೇಜೋ ಚರ್ಚೋ ಕೇಂದ್ರವನ್ನು ನಡೆಸುತ್ತಿತ್ತು. ಬೆಳಗಿನ ಹವಾಮಾನ, ಧಾನ್ಯದ ಧಾರಣೆ, ಶಾಲೆಯ ಚೆಂಡಾಟದ ಫಲಿತಾಂಶ, ಹಿಮ ಬಿದ್ದು ಮುಚ್ಚಿದ ದಾರಿಗಳ ವಿವರ, ತೀರಿಕೊಂಡವರ ಹೆಸರು, ಇಂತಹ ಸಣ್ಣಪುಟ್ಟ ಸಂಗತಿಗಳೇ ಆ ಕೇಂದ್ರಗಳ ಜೀವಾಳವಾಗಿದ್ದವು. ಹೊರಗಿನವರಿಗೆ ಅವುಗಳಿಂದ ಪ್ರಯೋಜನವಿಲ್ಲ. ಊರಿನವರಿಗೆ ಅವುಗಳಿಲ್ಲದೆ ದಿನ ಸಾಗದು.

ಬಾನುಲಿಯು ಇತರ ಉದ್ಯಮಗಳಂತಲ್ಲ. ಒಂದು ಬೀದಿಯಲ್ಲಿ ಎಷ್ಟು ಅಂಗಡಿಗಳನ್ನಾದರೂ ತೆರೆಯಬಹುದು. ಆದರೆ ಆಕಾಶದಲ್ಲಿ ಪ್ರಸಾರಕ್ಕೆ ಇರುವ ಸ್ಥಳ ಮಿತವಾದದ್ದು. ಒಂದೇ ಪ್ರದೇಶದ ಎರಡು ಕೇಂದ್ರಗಳು ಒಂದೇ ತರಂಗಾಂತರದಲ್ಲಿ ಪ್ರಸಾರ ಮಾಡಿದರೆ ಕೇಳುವವರಿಗೆ ಎರಡೂ ದಕ್ಕುವುದಿಲ್ಲ. ಬರಿಯ ಗದ್ದಲ ಕೇಳಿಸುತ್ತದೆ. ಆದುದರಿಂದ ಯಾರು ಯಾವ ತರಂಗಾಂತರವನ್ನು ಬಳಸಬೇಕೆಂಬುದನ್ನು ಸರ್ಕಾರವೇ ನಿರ್ಧರಿಸಿ ಪರವಾನಗಿ ಕೊಡಬೇಕಾಯಿತು. ಅಮೆರಿಕವು 1927ರಲ್ಲಿ ಇದಕ್ಕಾಗಿ ಒಂದು ಕಾಯಿದೆಯನ್ನು ಮಾಡಿತು. 1934ರಲ್ಲಿ ಇನ್ನೊಂದು ಕಾಯಿದೆಯ ಮೂಲಕ ಸಂಪರ್ಕ ಆಯೋಗವನ್ನು ಸ್ಥಾಪಿಸಿತು. ಪರವಾನಗಿ ಪಡೆದವನು ಸಾರ್ವಜನಿಕ ಹಿತಕ್ಕೆ, ಅನುಕೂಲಕ್ಕೆ ಮತ್ತು ಆವಶ್ಯಕತೆಗೆ ತಕ್ಕಂತೆ ನಡೆದುಕೊಳ್ಳಬೇಕೆಂಬುದು ಈ ಕಾಯಿದೆಗಳ ತಿರುಳು. ಎಂದರೆ, ಯಂತ್ರ ಮಾಲೀಕನದು, ಕಟ್ಟಡ ಮಾಲೀಕನದು. ಆದರೆ ದನಿ ಸಾಗುವ ದಾರಿ ಮಾತ್ರ ಜನರದು. ಆ ದಾರಿಯನ್ನು ಅವನು ಕೆಲವು ವರ್ಷಗಳ ಮಟ್ಟಿಗೆ ಎರವಲು ಪಡೆದಿರುತ್ತಾನೆ.

ದಾರಿ ಜನರದಾದ ಮೇಲೆ ಅದು ಕೆಲವರ ಕೈಗೆ ಸೇರಬಾರದು ಎಂಬ ವಿಚಾರವು ಸಹಜವಾಗಿಯೇ ಹುಟ್ಟಿತು. ಒಬ್ಬನೇ ಒಡೆಯನು ದೇಶದ ಹಲವಾರು ಊರುಗಳಲ್ಲಿ ಮಾತನಾಡತೊಡಗಿದರೆ ಬೇರೆಯವರ ಮಾತಿಗೆ ಎಡೆಯೆಲ್ಲಿ? ಈ ಭಯದಿಂದ ಸಂಪರ್ಕ ಆಯೋಗವು ಒಡೆತನಕ್ಕೆ ಮಿತಿಯನ್ನು ಹಾಕಿತು. 1953ರ ನಿಯಮದಂತೆ ಇಡೀ ದೇಶದಲ್ಲಿ ಒಬ್ಬ ಒಡೆಯನಿಗೆ 7 ಎ.ಎಂ. ಮತ್ತು 7 ಎಫ್.ಎಂ. ಕೇಂದ್ರಗಳಿಗಿಂತ ಹೆಚ್ಚು ಇರುವಂತಿರಲಿಲ್ಲ. ಈ ಮಿತಿಯು ಮೂವತ್ತು ವರ್ಷಗಳ ಕಾಲ ಅಲುಗಾಡದೆ ನಿಂತಿತು. 1984ರಲ್ಲಿ ಆಯೋಗವು ಅದನ್ನು 12ಕ್ಕೆ ಏರಿಸಲು ನಿರ್ಧರಿಸಿತು. 1992ರಲ್ಲಿ ಅದು 18 ಆಯಿತು. 1994ರಲ್ಲಿ 20 ಆಯಿತು. ಕಟ್ಟೆಯಲ್ಲಿ ಬಿದ್ದ ಸಣ್ಣ ಬಿರುಕು ವರ್ಷವರ್ಷಕ್ಕೆ ದೊಡ್ಡದಾಗುವಂತೆ ಮಿತಿ ಸಡಿಲಗೊಳ್ಳುತ್ತ ಬಂದಿತು.

ಕಟ್ಟೆ ಒಡೆದದ್ದು 1996ರ ಫೆಬ್ರವರಿ 8ರಂದು. ಅಂದು ರಾಷ್ಟ್ರಾಧ್ಯಕ್ಷ ಬಿಲ್ ಕ್ಲಿಂಟನ್ನರು ದೂರಸಂಪರ್ಕ ಕಾಯಿದೆಗೆ ಸಹಿ ಹಾಕಿದರು. ದೂರವಾಣಿ, ಕೇಬಲ್ ಮೊದಲಾದ ಅನೇಕ ವಿಷಯಗಳನ್ನೊಳಗೊಂಡ ಆ ದೊಡ್ಡ ಕಾಯಿದೆಯಲ್ಲಿ ಬಾನುಲಿಯ ಭಾಗ ಚಿಕ್ಕದು. ಆದರೆ ಅದರ ಪರಿಣಾಮ ಚಿಕ್ಕದಾಗಿರಲಿಲ್ಲ. ಇಡೀ ದೇಶದಲ್ಲಿ ಒಬ್ಬನು ಹೊಂದಬಹುದಾದ ಬಾನುಲಿ ಕೇಂದ್ರಗಳ ಸಂಖ್ಯೆಗೆ ಇದ್ದ ಮಿತಿಯನ್ನು ಅದು ಪೂರ್ತಿಯಾಗಿ ತೆಗೆದುಹಾಕಿತು. ಒಂದೊಂದು ಊರಿನ ಮಟ್ಟದಲ್ಲಿ ಮಾತ್ರ ಮಿತಿ ಉಳಿಯಿತು; ಅದೂ ಸಡಿಲವಾಗಿಯೇ. 45 ಅಥವಾ ಅದಕ್ಕಿಂತ ಹೆಚ್ಚು ಕೇಂದ್ರಗಳಿರುವ ದೊಡ್ಡ ನಗರದಲ್ಲಿ ಒಬ್ಬನೇ 8 ಕೇಂದ್ರಗಳನ್ನು ಹೊಂದಬಹುದಾಯಿತು.

ಅಣೆಕಟ್ಟಿನ ಬಾಗಿಲು ತೆರೆದಂತೆ ಕೊಳ್ಳುವಿಕೆ, ಮಾರುವಿಕೆಗಳು ಆರಂಭವಾದವು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ 1972ರಲ್ಲಿ ಒಂದು ಕೇಂದ್ರವನ್ನು ಕೊಂಡು ಆರಂಭವಾದ ಕ್ಲಿಯರ್ ಚಾನಲ್ ಎಂಬ ಕಂಪನಿಯ ಕೈಯಲ್ಲಿ ಕಾಯಿದೆಯ ಕಾಲಕ್ಕೆ ನಲವತ್ತರ ಆಸುಪಾಸಿನಲ್ಲಿ ಕೇಂದ್ರಗಳಿದ್ದವು. ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ 1,200ರಷ್ಟಾಯಿತು. ಕಾಯಿದೆಯ ನಂತರದ ಆರು ವರ್ಷಗಳಲ್ಲಿ ದೇಶದಲ್ಲಿ ಕೇಂದ್ರಗಳ ಸಂಖ್ಯೆ ತುಸು ಹೆಚ್ಚಿತು. ಒಡೆಯರ ಸಂಖ್ಯೆ ಮಾತ್ರ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಯಿತು. ಊರುಗಳಲ್ಲಿ ಕೇಂದ್ರಗಳ ಹೆಸರುಗಳು ಇದ್ದಂತೆಯೇ ಇದ್ದವು. ಒಡೆಯನು ಮಾತ್ರ ಸಾವಿರಾರು ಮೈಲಿಗಳ ಆಚೆಗೆ ಹೋದನು.

ಒಡೆತನ ಒಂದಾದರೆ ಕಾರ್ಯಕ್ರಮವೇಕೆ ಬದಲಾಗಬೇಕು? ಇದನ್ನು ತಿಳಿಯಲು ಬಾನುಲಿಯ ವ್ಯಾಪಾರವನ್ನು ಅರಿಯಬೇಕು. ಖಾಸಗಿ ಕೇಂದ್ರದ ಆದಾಯವೆಲ್ಲ ಜಾಹೀರಾತಿನಿಂದ ಬರುವುದು. ಕೇಳುಗನು ಅದಕ್ಕೆ ಹಣ ಕೊಡುವುದಿಲ್ಲ. ಕೇಳುಗನ ಕಿವಿಯನ್ನೇ ಕೇಂದ್ರವು ಜಾಹೀರಾತುದಾರನಿಗೆ ಮಾರುತ್ತದೆ. ಯುವಕರ ಕಿವಿ ಬೇಕಾದವನಿಗೆ ಯುವಕರು ಕೇಳುವ ಕೇಂದ್ರ ಬೇಕು. ಗೃಹಿಣಿಯರ ಕಿವಿ ಬೇಕಾದವನಿಗೆ ಗೃಹಿಣಿಯರು ಕೇಳುವ ಕೇಂದ್ರ ಬೇಕು. ಆದುದರಿಂದ ದಿನವಿಡೀ ಒಂದೇ ಬಗೆಯ ಕಾರ್ಯಕ್ರಮವನ್ನು ನೀಡುವ ರೂಢಿ ಬೆಳೆಯಿತು. ಇದನ್ನು ಅಲ್ಲಿಯವರು ಫಾರ್ಮ್ಯಾಟ್ ಎನ್ನುತ್ತಾರೆ; ಧಾಟಿ ಎಂದು ಕರೆಯಬಹುದು. 1950ರ ದಶಕದಲ್ಲಿ ಒಮಾಹಾ ನಗರದ ಟಾಡ್ ಸ್ಟಾರ್ಜ್ ಎಂಬಾತನು ಜನಪ್ರಿಯವಾದ ಕೆಲವೇ ಹಾಡುಗಳನ್ನು ಮತ್ತೆಮತ್ತೆ ಹಾಕುವ ಧಾಟಿಯನ್ನು ಬೆಳೆಸಿದವರಲ್ಲಿ ಪ್ರಮುಖನು. ನ್ಯೂಯಾರ್ಕಿನ ಒಂದು ಕೇಂದ್ರವು 1965ರಲ್ಲಿ ಹಾಡುಗಳನ್ನು ಬಿಟ್ಟು ದಿನವಿಡೀ ವಾರ್ತೆಗೆ ತಿರುಗಿತು. 1987ರಲ್ಲಿ ಅದೇ ನಗರದ ಇನ್ನೊಂದು ಕೇಂದ್ರವು ದಿನವಿಡೀ ಕ್ರೀಡೆಗೆ ತಿರುಗಿತು. ಅಂಗಡಿಯವನು ಹಳೆಯ ಸರಕನ್ನು ಕಿತ್ತು ಹೊಸ ಸರಕನ್ನು ಜೋಡಿಸುವಂತೆ, ರಾತ್ರಿ ಮಲಗುವಾಗ ಶಾಸ್ತ್ರೀಯ ಸಂಗೀತ ನೀಡುತ್ತಿದ್ದ ಕೇಂದ್ರವು ಬೆಳಗಾಗುವಾಗ ರಾಕ್ ಸಂಗೀತ ನೀಡುವುದು ಅಲ್ಲಿ ಅಪರೂಪವೇನಲ್ಲ.

ಹೀಗೆ ಬದಲಾಯಿಸುವ ಹಕ್ಕು ಒಡೆಯನದೋ, ಕೇಳುಗರಿಗೂ ಅದರಲ್ಲಿ ಮಾತುಂಟೋ? ನ್ಯೂಯಾರ್ಕಿನಲ್ಲಿ ಈ ಪ್ರಶ್ನೆಯು ಒಂದು ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಅಲ್ಲಿ 104.3 ಮೆಗಾಹರ್ಟ್ಸ್‌ನಲ್ಲಿ ಡಬ್ಲ್ಯು.ಎನ್.ಸಿ.ಎನ್. ಎಂಬ ಕೇಂದ್ರವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಪ್ರಸಾರ ಮಾಡುತ್ತಿತ್ತು. 1974ರ ನವೆಂಬರಿನಲ್ಲಿ ಒಡೆಯರು ಅದರ ಹೆಸರನ್ನೂ ಧಾಟಿಯನ್ನೂ ಬದಲಿಸಿ ಅದನ್ನು ರಾಕ್ ಕೇಂದ್ರವನ್ನಾಗಿ ಮಾಡಿದರು. ಕೇಳುಗರು ಸುಮ್ಮನಿರಲಿಲ್ಲ. ಅವರು ಸಂಘ ಕಟ್ಟಿಕೊಂಡರು, ಆಯೋಗಕ್ಕೆ ದೂರಿತ್ತರು, ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಮುಂದಿನ ವರ್ಷದ ಆಗಸ್ಟ್ ತಿಂಗಳಲ್ಲಿ ಕೇಂದ್ರವು ಹೊಸ ಒಡೆತನದಲ್ಲಿ ಹಳೆಯ ಹೆಸರಿಗೂ ಹಳೆಯ ಸಂಗೀತಕ್ಕೂ ಮರಳಿತು. ಕೇಳುಗರ ಪಾಲಿಗೆ ಅದು ಅಪೂರ್ವವಾದ ಗೆಲುವು.

ಆದರೆ ಮೂಲ ಪ್ರಶ್ನೆ ಇನ್ನೂ ಉಳಿದಿತ್ತು. ಮನರಂಜನೆಯ ಧಾಟಿಯನ್ನು ಮಾರುಕಟ್ಟೆಯೇ ನಿರ್ಧರಿಸಲಿ, ತಾನು ಅದರಲ್ಲಿ ಕೈಹಾಕುವುದಿಲ್ಲ ಎಂದು ಆಯೋಗವು 1976ರಲ್ಲಿ ಹೇಳಿತು. ಕೇಳುಗರ ಸಂಘವು ಇದನ್ನು ವಿರೋಧಿಸಿತು. ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1981ರಲ್ಲಿ ನ್ಯಾಯಾಲಯವು ಆಯೋಗದ ಪರವಾಗಿ ತೀರ್ಪು ನೀಡಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಮತ್ತು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಇಬ್ಬರು ಮಾತ್ರ ಇದನ್ನು ಒಪ್ಪಲಿಲ್ಲ. 1993ರ ಡಿಸೆಂಬರಿನಲ್ಲಿ ಅದೇ ಕೇಂದ್ರವು ಮತ್ತೊಮ್ಮೆ ರಾಕ್ ಸಂಗೀತಕ್ಕೆ ತಿರುಗಿತು. ಈ ಸಲ ಅದನ್ನು ತಡೆಯುವ ದಾರಿ ಕೇಳುಗರಿಗೆ ಇರಲಿಲ್ಲ. ಮುಂದೆ ಕೈಯಿಂದ ಕೈಗೆ ಸಾಗಿದ ಆ ಕೇಂದ್ರವು 2000ದಲ್ಲಿ ಕ್ಲಿಯರ್ ಚಾನಲ್ ಕಂಪನಿಯ ಬಳಗವನ್ನು ಸೇರಿತು.

ಒಡೆತನದ ಕೂಡಿಕೆಯಿಂದ ಕೇಳುಗರಿಗೆ ಲಾಭವೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ಅರ್ಥಶಾಸ್ತ್ರಜ್ಞರಾದ ಪೀಟರ್ ಸ್ಟೈನರ್ ಅವರು 1952ರಲ್ಲಿಯೇ ಈ ವಿಷಯದಲ್ಲಿ ಒಂದು ಸ್ವಾರಸ್ಯವಾದ ತರ್ಕವನ್ನು ಮುಂದಿಟ್ಟಿದ್ದರು. ಅದನ್ನು ಹೀಗೆ ವಿವರಿಸಬಹುದು. ಒಂದು ಊರಿನಲ್ಲಿ ನೂರು ಕೇಳುಗರಿದ್ದಾರೆ. ಎಂಬತ್ತು ಮಂದಿಗೆ ಹಾಡು ಬೇಕು, ಇಪ್ಪತ್ತು ಮಂದಿಗೆ ನಾಟಕ ಬೇಕು. ಮೂರು ಕೇಂದ್ರಗಳಿಗೆ ಮೂವರು ಒಡೆಯರಿದ್ದರೆ ಮೂವರೂ ಹಾಡನ್ನೇ ಹಾಕುವರು. ಏಕೆಂದರೆ ಎಂಬತ್ತನ್ನು ಮೂವರು ಹಂಚಿಕೊಂಡರೂ ಒಬ್ಬೊಬ್ಬನ ಪಾಲಿಗೆ ಇಪ್ಪತ್ತಾರು ಮಂದಿಗಿಂತ ಹೆಚ್ಚು ದೊರೆಯುವರು. ನಾಟಕ ಹಾಕಿದವನಿಗೆ ಇಪ್ಪತ್ತೇ. ಮೂರೂ ಕೇಂದ್ರಗಳು ಒಬ್ಬನದೇ ಆದರೆ ಅವನಿಗೆ ತನ್ನೊಡನೆ ತಾನೇ ಸೆಣಸುವುದರಿಂದ ಪ್ರಯೋಜನವಿಲ್ಲ. ಒಂದರಲ್ಲಿ ಹಾಡನ್ನೂ ಇನ್ನೊಂದರಲ್ಲಿ ನಾಟಕವನ್ನೂ ಹಾಕಿ ನೂರು ಮಂದಿಯನ್ನೂ ಅವನು ಪಡೆಯುವನು. ಹೀಗೆ ಒಡೆಯನು ಒಬ್ಬನಾದಾಗಲೇ ಕಾರ್ಯಕ್ರಮದ ವೈವಿಧ್ಯ ಹೆಚ್ಚುವ ಸಂಭವವುಂಟು. 1996ರ ನಂತರ ಅಮೆರಿಕದ ಹಲವು ನಗರಗಳಲ್ಲಿ ಧಾಟಿಗಳ ಸಂಖ್ಯೆ ಹೆಚ್ಚಿದುದನ್ನು ಕೆಲವು ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ದೊಡ್ಡ ಸಂಸ್ಥೆಗೆ ಬಲವೂ ಹೆಚ್ಚು. 2005ರ ಆಗಸ್ಟಿನಲ್ಲಿ ಕತ್ರೀನಾ ಎಂಬ ಚಂಡಮಾರುತವು ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಲ್ಲಿನ ಡಬ್ಲ್ಯು.ಡಬ್ಲ್ಯು.ಎಲ್. ಕೇಂದ್ರದ ದನಿಯು ಜನರಿಗೆ ಆಸರೆಯಾಯಿತು. ಅದರ ಒಡೆಯರಾದ ಎಂಟರ್‌ಕಾಂ ಕಂಪನಿಯೂ ಅವರ ಪ್ರತಿಸ್ಪರ್ಧಿಯಾದ ಕ್ಲಿಯರ್ ಚಾನಲ್ ಕಂಪನಿಯೂ ವೈರವನ್ನು ಮರೆತು ಕೂಡಿಕೊಂಡರು. ಬ್ಯಾಟನ್ ರೂಜ್ ನಗರದಿಂದ ಒಟ್ಟಾಗಿ ಪ್ರಸಾರವನ್ನು ನಡೆಸಿದರು. ಒಂದೇ ಕೇಂದ್ರವಿರುವ ಸಣ್ಣ ಒಡೆಯನಿಗೆ ಅಂತಹ ಹೊತ್ತಿನಲ್ಲಿ ಮತ್ತೊಂದು ನಗರದ ನಿಲಯ ಎಲ್ಲಿ ದೊರೆಯಬೇಕು?

ಇಷ್ಟನ್ನು ಒಪ್ಪಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಸ್ಟೈನರ್ ಅವರ ಲೆಕ್ಕದಲ್ಲಿ ಹಾಡುಂಟು, ನಾಟಕವುಂಟು; ಊರು ಇಲ್ಲ. ಹಾಡನ್ನು ಎಲ್ಲಿಂದ ಹಾಕಿದರೂ ಅದು ಹಾಡೇ. ಊರಿನ ಸುದ್ದಿಯನ್ನು ಮಾತ್ರ ಊರಿನಲ್ಲಿಯೇ ಇದ್ದು ಹೇಳಬೇಕು. ಅದಕ್ಕೆ ವರದಿಗಾರ ಬೇಕು, ಅವನಿಗೆ ಸಂಬಳ ಬೇಕು. ಆ ಸುದ್ದಿಯನ್ನು ಇನ್ನೊಂದು ಊರಿಗೆ ಮಾರಲು ಬರುವುದಿಲ್ಲ. ಕೇಂದ್ರಗಳನ್ನು ಕೊಳ್ಳಲು ಕಂಪನಿಗಳು ದೊಡ್ಡ ಸಾಲಗಳನ್ನು ಮಾಡಿದ್ದವು. ಸಾಲದ ಬಡ್ಡಿಯನ್ನು ಕಟ್ಟಬೇಕಾದಾಗ ಮೊದಲು ಕತ್ತರಿ ಬಿದ್ದುದು ಇಂತಹ ವೆಚ್ಚಕ್ಕೇ. ಐದಾರು ಕೇಂದ್ರಗಳು ಒಂದೇ ಕಟ್ಟಡವನ್ನು ಸೇರಿದವು. ಒಬ್ಬನೇ ಎಂಜಿನಿಯರನು ಎಲ್ಲ ಯಂತ್ರಗಳನ್ನೂ ನೋಡಿಕೊಳ್ಳತೊಡಗಿದನು. ದೂರದ ನಗರದಲ್ಲಿ ಕುಳಿತ ಉದ್ಘೋಷಕನೊಬ್ಬನು ಹಲವು ಊರುಗಳಿಗೆ ಬೇಕಾದ ಮಾತುಗಳನ್ನು ಮೊದಲೇ ಧ್ವನಿಮುದ್ರಿಸಿ ಕಳುಹಿಸತೊಡಗಿದನು. ಗಣಕಯಂತ್ರವು ಹಾಡುಗಳ ನಡುವೆ ಆ ಮಾತುಗಳನ್ನು ಸೇರಿಸಿ ಪ್ರಸಾರ ಮಾಡುತ್ತಿತ್ತು. ಕೇಳುವವರಿಗೆ ಆತನು ತಮ್ಮ ಊರಿನಲ್ಲಿಯೇ ಕುಳಿತು ಮಾತನಾಡುವಂತೆ ತೋರುತ್ತಿತ್ತು. ಅವನಾದರೋ ಆ ಊರನ್ನು ಕಣ್ಣಿನಿಂದ ಕಂಡವನೇ ಅಲ್ಲದಿರಬಹುದು.

ಈ ಬದಲಾವಣೆಯ ಅರ್ಥವೇನೆಂಬ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇರಿಸಿದ್ದು ಒಂದು ಸಣ್ಣ ಊರಿನ ದುರಂತ. ಉತ್ತರ ಡಕೋಟಾ ರಾಜ್ಯದ ಮೈನಾಟ್ ಆ ಕಾಲದಲ್ಲಿ ಸುಮಾರು 36,000 ಜನಸಂಖ್ಯೆಯ ಪಟ್ಟಣವಾಗಿತ್ತು. 2002ರ ಜನವರಿ 18ರ ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಮೇಲಾಗಿತ್ತು. ನೀರು ಹೆಪ್ಪುಗಟ್ಟುವಂತಹ ಕಡು ಚಳಿ, ಊರು ಮಲಗಿತ್ತು. ಆಗ ಪಟ್ಟಣದ ಅಂಚಿನಲ್ಲಿ 112 ಬಂಡಿಗಳ ಸರಕು ರೈಲೊಂದು ಹಳಿ ತಪ್ಪಿತು. 31 ಬಂಡಿಗಳು ಉರುಳಿದವು. ಗೊಬ್ಬರಕ್ಕೆ ಬಳಸುವ ಅಮೋನಿಯವನ್ನು ತುಂಬಿದ್ದ ಐದು ಕೊಳಾಯಿಬಂಡಿಗಳು ಒಡೆದವು. ಕಣ್ಣನ್ನೂ ಶ್ವಾಸಕೋಶವನ್ನೂ ಸುಡುವ ಆ ವಿಷಾನಿಲವು ಬಿಳಿಯ ಮೋಡದಂತೆ ಮನೆಗಳ ಮೇಲೆ ಕವಿಯಿತು.

ಅಂತಹ ಹೊತ್ತಿನಲ್ಲಿ ಜನರಿಗೆ ಬೇಕಾದುದು ಒಂದೇ ಮಾತು: ಮನೆಯಿಂದ ಹೊರಗೆ ಬರಬೇಡಿರಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಳ್ಳಿರಿ. ಹೊರಗೋಡಿದವರಿಗೇ ಅಪಾಯ ಹೆಚ್ಚಾಗಿತ್ತು. ಆ ಮಾತನ್ನು ತಿಳಿಸಲು ಬಾನುಲಿಯಿತ್ತು. ಪಟ್ಟಣದ ಆರು ವಾಣಿಜ್ಯ ಕೇಂದ್ರಗಳು ಕ್ಲಿಯರ್ ಚಾನಲ್ ಕಂಪನಿಗೆ ಸೇರಿದ್ದವು. ತುರ್ತು ಸೂಚನೆಗೆಂದು ಗೊತ್ತುಪಡಿಸಿದ ಕೇಂದ್ರವೂ ಅವುಗಳಲ್ಲೊಂದು. ಪೋಲೀಸರು ಕೇಂದ್ರಕ್ಕೆ ದೂರವಾಣಿಯಲ್ಲಿ ಕರೆ ಮಾಡಿದರೂ ಬಹಳ ಹೊತ್ತಿನವರೆಗೆ ಸಂಪರ್ಕ ಸಿಕ್ಕಲಿಲ್ಲ. ಬಾನುಲಿಯನ್ನು ತಿರುಗಿಸಿದ ಜನರಿಗೆ ಎಂದಿನ ಹಾಡುಗಳೇ ಕೇಳಿಸಿದವು. ಆ ರಾತ್ರಿ ಒಬ್ಬ ನಿವಾಸಿಯು ಪ್ರಾಣ ಕಳೆದುಕೊಂಡನು. ಮುನ್ನೂರಕ್ಕೂ ಹೆಚ್ಚು ಮಂದಿಗೆ ಗಾಯಗಳಾದವು.

ತಪ್ಪು ಯಾರದೆಂಬ ವಿಷಯದಲ್ಲಿ ಬಳಿಕ ವಾದವಿವಾದ ನಡೆಯಿತು. ಕೇಂದ್ರದಲ್ಲಿ ನೌಕರನಿದ್ದನು, ಗಾಬರಿಗೊಂಡ ಜನರ ಕರೆಗಳಿಂದ ದೂರವಾಣಿಯ ತಂತಿಗಳು ಕಿಕ್ಕಿರಿದಿದ್ದವು, ತುರ್ತು ಎಚ್ಚರಿಕೆಯ ಯಂತ್ರವನ್ನು ಪೋಲೀಸರು ಸರಿಯಾಗಿ ಬಳಸಲಿಲ್ಲ ಎಂದು ಕಂಪನಿಯು ಹೇಳಿತು. ಯಂತ್ರವು ಕೆಲಸ ಮಾಡದೆಹೋದುದು ನಿಜವೇ. ಆದುದರಿಂದ ಇಡೀ ದುರಂತದ ಹೊಣೆಯನ್ನು ಒಡೆತನದ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಆದರೂ ಜನರ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಸುಳ್ಳಲ್ಲ. ಆರು ಕೇಂದ್ರಗಳು ಆರು ಮಂದಿಯ ಕೈಯಲ್ಲಿದ್ದಿದ್ದರೆ, ಒಂದು ಬಾಗಿಲು ತೆರೆಯದಿದ್ದಾಗ ತಟ್ಟಲು ಇನ್ನೈದು ಬಾಗಿಲುಗಳಿರುತ್ತಿದ್ದವು. ಆರೂ ಒಂದೇ ಮನೆಯನ್ನು ಸೇರಿದಾಗ ಒಂದು ಬಾಗಿಲು ಮುಚ್ಚಿದರೆ ಎಲ್ಲವೂ ಮುಚ್ಚಿದಂತೆ.

ಮುಂದೆ ಕಂಪನಿಗಳ ಕಥೆಯೂ ಸುಖಾಂತವಾಗಲಿಲ್ಲ. ಕ್ಲಿಯರ್ ಚಾನಲ್ 2014ರಲ್ಲಿ ಐಹಾರ್ಟ್‌ಮೀಡಿಯ ಎಂದು ಹೆಸರನ್ನು ಬದಲಿಸಿಕೊಂಡಿತು. ಅಂತರಜಾಲದಲ್ಲಿ ಹಾಡು ಕೇಳುವವರು ಹೆಚ್ಚಿದರು. ಜಾಹೀರಾತಿನ ಹಣವೂ ಅತ್ತ ಹರಿಯಿತು. ಸುಮಾರು 2,000 ಕೋಟಿ ಡಾಲರುಗಳ ಸಾಲದ ಹೊರೆಯಿಂದ ಬಳಲಿದ ಆ ಕಂಪನಿಯು 2018ರ ಮಾರ್ಚಿಯಲ್ಲಿ ದಿವಾಳಿ ಕಾಯಿದೆಯ ಮೊರೆಹೋಗಿ, ಸಾಲವನ್ನು ತಗ್ಗಿಸಿಕೊಂಡು 2019ರಲ್ಲಿ ಹೊರಬಂದಿತು. ಇದರ ನಡುವೆ 2017ರಲ್ಲಿ ಸಂಪರ್ಕ ಆಯೋಗವು ಇನ್ನೊಂದು ಹಳೆಯ ನಿಯಮವನ್ನು ರದ್ದುಪಡಿಸಿತು. ಪರವಾನಗಿ ಪಡೆದ ಊರಿನಲ್ಲಿ ಅಥವಾ ಅದರ ಸಮೀಪದಲ್ಲಿ ಕೇಂದ್ರದ ಮುಖ್ಯ ನಿಲಯವಿರಬೇಕೆಂಬುದೇ ಆ ನಿಯಮ. ಹೀಗೆ ಊರಿನ ಕೇಂದ್ರಕ್ಕೆ ಊರಿನಲ್ಲಿ ಒಂದು ಕೊಠಡಿಯೂ ಇರಬೇಕಾಗಿಲ್ಲ ಎಂದಾಯಿತು.

ಆದರೂ ಊರಿನ ದನಿ ಪೂರ್ತಿಯಾಗಿ ಅಡಗಲಿಲ್ಲ. ಆಯೋಗವೇ 2000ದ ಜನವರಿಯಲ್ಲಿ ಅಲ್ಪಶಕ್ತಿಯ ಎಫ್.ಎಂ. ಕೇಂದ್ರಗಳಿಗೆ ಅವಕಾಶ ಮಾಡಿಕೊಟ್ಟಿತ್ತು. ಇವುಗಳ ಶಕ್ತಿ ಹೆಚ್ಚೆಂದರೆ 100 ವ್ಯಾಟ್. ಐದಾರು ಕಿಲೋಮೀಟರುಗಳಷ್ಟು ದೂರ ಮಾತ್ರ ಇವು ಚೆನ್ನಾಗಿ ಕೇಳಿಸುತ್ತವೆ. ಲಾಭಕ್ಕಾಗಿ ನಡೆಸುವವರಿಗೆ ಈ ಪರವಾನಗಿಯಿಲ್ಲ. ಶಾಲೆಗಳು, ಚರ್ಚುಗಳು, ಊರಿನ ಸಂಘಗಳು ಇವುಗಳನ್ನು ನಡೆಸುತ್ತವೆ. ದೊಡ್ಡ ಕೇಂದ್ರಗಳ ವಿರೋಧದಿಂದ ಮೊದಲು ಇವುಗಳ ಬೆಳವಣಿಗೆ ಕುಂಠಿತವಾಯಿತು. 2011ರ ಜನವರಿಯಲ್ಲಿ ಬಂದ ಹೊಸ ಕಾಯಿದೆಯು ಆ ತಡೆಯನ್ನು ನಿವಾರಿಸಿತು. ದೊಡ್ಡ ಮರದ ನೆರಳಿನಲ್ಲಿಯೂ ಗರಿಕೆ ಚಿಗುರುವುದುಂಟು.

ಈ ಕಥೆಯು ಕನ್ನಡ ನಾಡಿಗೆ ಹೊರತಾದುದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಒಂದು ಪ್ರಸಾರ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರನ್ನು ಹೊತ್ತ ಆ ಊರಿನ ಕೇಂದ್ರವು ಮುಂದೆ ಮೈಸೂರು ಸರ್ಕಾರಕ್ಕೂ ಅನಂತರ ಭಾರತ ಸರ್ಕಾರದ ಪ್ರಸಾರ ವ್ಯವಸ್ಥೆಗೂ ಸೇರಿತು. ಅದರ ಹೆಸರೇ ದೇಶದ ಬಾನುಲಿಯ ಹೆಸರಾಯಿತು. 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತೆಂದು ಘೋಷಿಸಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವು ಬೆಂಗಳೂರಿನಲ್ಲಿಯೇ ಆರಂಭವಾಯಿತು. 2006ರಲ್ಲಿ ಸಮುದಾಯ ಬಾನುಲಿಯ ಬಾಗಿಲನ್ನು ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಲಾಯಿತು. ದೇಶದ ಒಟ್ಟು ಖಾಸಗಿ ಎಫ್.ಎಂ. ವಾಹಿನಿಗಳಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ಒಬ್ಬರ ಕೈಸೇರಬಾರದೆಂಬ ಮಿತಿಯನ್ನು 2011ರ ನೀತಿಯು ಇರಿಸಿಕೊಂಡಿತು. ಅಂತಹ ಮಿತಿ ಏಕೆ ಬೇಕೆಂಬುದಕ್ಕೆ ಅಮೆರಿಕದ ಅನುಭವವೇ ಒಂದು ಉತ್ತರ.

ಹಾಡು ಎಲ್ಲಿಂದಾದರೂ ಬರಲಿ. ಒಳ್ಳೆಯ ಹಾಡಿಗೆ ಊರಿನ ಹಂಗಿಲ್ಲ. ಲಾಭವೂ ಬರಲಿ, ಲಾಭವಿಲ್ಲದೆ ಉದ್ಯಮ ನಿಲ್ಲದು. ಆದರೆ ನಡುರಾತ್ರಿಯಲ್ಲಿ ಆಪತ್ತು ಬಂದಾಗ ಎದ್ದು ಬಂದು ತಮಟೆ ಬಾರಿಸುವವನೊಬ್ಬನು ಊರಿನಲ್ಲಿಯೇ ಇರಬೇಕು. ಅವನಿಲ್ಲದ ಊರಿಗೆ ಎಷ್ಟು ಕೇಂದ್ರಗಳಿದ್ದರೂ ದನಿಯಿಲ್ಲ.

ಅಭ್ಯಾಸ

1. ಡಂಗುರ ಸಾರುವವನ ಯೋಗ್ಯತೆ ಯಾವುದರಲ್ಲಿ ಅಡಗಿತ್ತು?
2. ಬಾನುಲಿ ಪ್ರಸಾರಕ್ಕೆ ಸರ್ಕಾರದ ಪರವಾನಗಿ ಏಕೆ ಆವಶ್ಯಕವಾಯಿತು?
3. 1996ರ ಕಾಯಿದೆಯಿಂದ ಕೇಂದ್ರಗಳ ಒಡೆತನದಲ್ಲಿ ಆದ ಬದಲಾವಣೆಗಳನ್ನು ವಿವರಿಸಿರಿ.
4. ನ್ಯೂಯಾರ್ಕಿನ ಕೇಳುಗರ ಹೋರಾಟವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
5. "ಸ್ಟೈನರ್ ಅವರ ಲೆಕ್ಕದಲ್ಲಿ ಹಾಡುಂಟು, ನಾಟಕವುಂಟು, ಊರು ಇಲ್ಲ." ಈ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿರಿ.
6. ಮೈನಾಟ್ ಪಟ್ಟಣದ ದುರಂತಕ್ಕೆ ಒಡೆತನವೊಂದೇ ಕಾರಣವೆನ್ನಬಹುದೇ? ಎರಡೂ ಪಕ್ಷಗಳನ್ನು ಚರ್ಚಿಸಿರಿ.